ನೆಲ ಡೊಂಕೆಂದು ಮೊದಲೇ ಹೇಳಿದ ಆಟಗಳು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹಳೆಯ ಕಂಪ್ಯೂಟರ್ ಆಟಗಳ ಬಗ್ಗೆ ದೂರುವವರಿಗೆ ಈ ಗಾದೆಯನ್ನು ಹೇಳಿ ಬಾಯಿ ಮುಚ್ಚಿಸುವವರಿದ್ದಾರೆ. ನಾನು ಹಾಗೆ ಮಾಡಲಾರೆ. ಏಕೆಂದರೆ ಇಲ್ಲಿ ನೆಲ ನಿಜಕ್ಕೂ ಡೊಂಕು. 'ಏಜ್ ಆಫ್ ಎಂಪೈರ್ಸ್', 'ಸಿವಿಲೈಸೇಷನ್', 'ಟೋಟಲ್ ವಾರ್' ಎಂಬ ಚಾರಿತ್ರಿಕ ಆಟಸರಣಿಗಳ ಹಳೆಯ ಕಂತುಗಳಲ್ಲಿ ಮೇಲಿನ ಲೆವೆಲ್‌ಗೆ ಹೋದಂತೆಲ್ಲ ಕಂಪ್ಯೂಟರ್ ಎದುರಾಳಿಗೆ ನಮಗಿಲ್ಲದ ಅನುಕೂಲಗಳು ಸಿಗುತ್ತವೆ. ನನ್ನ ಪ್ರಶ್ನೆ ಬೇರೆಯದು. ನೆಲ ಡೊಂಕಿದೆ, ಎಷ್ಟು ಡೊಂಕು ಬೇಕೋ ನೀವೇ ಆರಿಸಿಕೊಳ್ಳಿ ಎಂದು ಬಾಗಿಲಲ್ಲೇ ಹೇಳಿ ಕುಣಿಯಲು ಕರೆದರೆ ಅದನ್ನು ಮೋಸ ಎನ್ನಬಹುದೇ?

ದೂರು ಏನೆಂದು ಮೊದಲು ಸರಿಯಾಗಿ ಹೇಳಬೇಕು. 1999ರಲ್ಲಿ ಬಂದ 'ಏಜ್ ಆಫ್ ಎಂಪೈರ್ಸ್ 2: ದಿ ಏಜ್ ಆಫ್ ಕಿಂಗ್ಸ್' ಮತ್ತು ಮರುವರ್ಷದ 'ದಿ ಕಾಂಕರರ್ಸ್' ಕಂತಿನಲ್ಲಿ ಐದು ಹಂತಗಳಿದ್ದವು. ಕೊನೆಯ 'ಹಾರ್ಡೆಸ್ಟ್' ಹಂತದಲ್ಲಿ ಕಂಪ್ಯೂಟರಿಗೆ ದುಡಿಯದೆಯೇ ಒಂದಷ್ಟು ಧಾನ್ಯ, ಮರ, ಕಲ್ಲು, ಚಿನ್ನ ಬಂದು ಸೇರುತ್ತಿತ್ತು. 'ಸಿವಿಲೈಸೇಷನ್ 3' (2001) ಆಟದಲ್ಲಿ ಲೆಕ್ಕ ಇನ್ನೂ ಸ್ಪಷ್ಟ. 'ರೀಜೆಂಟ್' ಹಂತದಲ್ಲಿ ಇಬ್ಬರಿಗೂ ಸಮ ಬೆಲೆ. ನಮಗೆ 10 ತಗಲುವುದು ಕಂಪ್ಯೂಟರಿಗೂ 10. 'ಮೊನಾರ್ಕ್'ನಲ್ಲಿ ಅದಕ್ಕೆ 9, 'ಎಂಪರರ್'ನಲ್ಲಿ 8, 'ಡೀಟಿ'ಯಲ್ಲಿ 6. 2003ರ 'ಕಾಂಕ್ವೆಸ್ಟ್ಸ್' ಕಂತಿನಲ್ಲಿ ಆಟದ ಮೂಲ ಕರ್ತೃ ಸಿಡ್ ಮೈಯರ್ ಅವರ ಹೆಸರಿನಲ್ಲೇ 'ಸಿಡ್' ಎಂಬ ಹಂತ ಸೇರಿತು. ಅಲ್ಲಿ ನಾವು 10 ತೆರುವ ಕಡೆ ಕಂಪ್ಯೂಟರ್ ತೆರುವುದು 4.

ಇದನ್ನು ನೋಡಿ ಬಹಳ ಮಂದಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಆ ಕಾಲದ ಕಂಪ್ಯೂಟರ್ ಕಠಿಣ ಎದುರಾಳಿಯೇ ಅಲ್ಲ, ಕೈಗೆ ದುಡ್ಡು ಕೊಟ್ಟ ದಡ್ಡ. ನಿಜವಾದ ಕಾಠಿಣ್ಯ ಬುದ್ಧಿಯಿಂದ ಬರಬೇಕು. 2019ರ 'ಏಜ್ ಆಫ್ ಎಂಪೈರ್ಸ್ 2: ಡೆಫಿನಿಟಿವ್ ಎಡಿಷನ್'ನಲ್ಲಿ ಬಂದ ಹೊಸ ಎಐ ಅತಿ ಮೇಲಿನ ಹಂತದಲ್ಲೂ ಪುಕ್ಕಟೆ ಸಂಪತ್ತು ಮುಟ್ಟದೆ ಆಡುತ್ತದಲ್ಲ, ಅಳತೆಗೋಲು ಅದೇ ಆಗಬೇಕು. ಹಳೆಯ ಆಟಗಳನ್ನು ಒಂದರ ಪಕ್ಕ ಒಂದಿಟ್ಟು ತೂಗುವಾಗ ಯಾವುದು ಎಷ್ಟು ಕಡಿಮೆ ಮೋಸ ಮಾಡಿತು ಎಂದೇ ನೋಡಬೇಕು. ಇದು ಅವರ ವಾದ.

ಹೀಗೆ ಹೇಳುವವರಲ್ಲಿ ನನಗಿಂತ ಚೆನ್ನಾಗಿ ಆಡುವವರಿದ್ದಾರೆ, ಈ ಆಟಗಳನ್ನು ನನ್ನಷ್ಟೇ ಪ್ರೀತಿಸುವವರೂ ಇದ್ದಾರೆ. ಆದರೂ ಈ ತೀರ್ಮಾನವನ್ನು ಒಪ್ಪಲು ನನಗೆ ಆಗಿಲ್ಲ. ಕಂಪ್ಯೂಟರಿನ ಖಜಾನೆಗೆ ಬಹಿರಂಗವಾಗಿ ಸೇರಿಸಿದ ಹೆಚ್ಚುವರಿ ಹಣ, ಎದುರಾಳಿಯನ್ನು ಬಲಪಡಿಸುವ ದಾರಿಗಳಲ್ಲೆಲ್ಲ ಹೆಚ್ಚು ಪ್ರಾಮಾಣಿಕವಾದದ್ದು ಎಂಬುದು ನನ್ನ ನಿಲುವು.

ಚದುರಂಗದಲ್ಲಿ ಪಳಗಿದ ಅಜ್ಜ ಮೊಮ್ಮಗಳ ಎದುರು ಕೂರುವಾಗ ತನ್ನ ಮಂತ್ರಿಯನ್ನು ಎತ್ತಿ ಪಕ್ಕಕ್ಕಿಡುತ್ತಾನೆ. ಮೊಮ್ಮಗಳು ಗೆದ್ದರೆ ಅದನ್ನು ಯಾರೂ ಮೋಸದ ಗೆಲುವು ಎನ್ನುವುದಿಲ್ಲ. ಬಲ ಕಡಿಮೆ ಇರುವವರಿಗೆ ಕಾಯಿ ಹೆಚ್ಚು, ಅಷ್ಟೇ. ನಮ್ಮ ಆಡು-ಹುಲಿ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾನು ಕಲಿತ ಬಗೆಯಲ್ಲಿ ಒಬ್ಬರಿಗೆ 3 ಹುಲಿ, ಇನ್ನೊಬ್ಬರಿಗೆ 15 ಆಡು. ಹುಲಿ ಹಾರಿ ತಿನ್ನಬಹುದು, ಆಡು ಸುತ್ತುಗಟ್ಟಿ ನಿಲ್ಲಿಸಬೇಕು. ಎರಡು ಕಡೆಯ ಬಲವೂ ಬೇರೆ, ಗೆಲ್ಲುವ ದಾರಿಯೂ ಬೇರೆ. ಆಡು ಹಿಡಿದವರು ಹುಲಿಗೆ ಹಾರುವ ಹಕ್ಕೇಕೆ ಎಂದು ದೂರಿದ್ದನ್ನು ನಾನು ಕಂಡಿಲ್ಲ. ಮೋಸ ಅನ್ನುವುದು ಒಪ್ಪಿಕೊಂಡ ನಿಯಮವನ್ನು ಬಚ್ಚಿಟ್ಟು ಮುರಿದಾಗ ಮಾತ್ರ ಹುಟ್ಟುತ್ತದೆ. 'ಡೀಟಿ'ಯ ಮೇಲೆ ಮೌಸ್ ಒತ್ತುವಾಗ ನಾವು ಮಂತ್ರಿಯನ್ನು ಎತ್ತಿಟ್ಟಿದ್ದೇವೆ. ಎತ್ತಿಟ್ಟವರು ನಾವೇ.

ಈ ಮಾತಿಗೆ ಇನ್ನೊಂದು ಮುಖವಿದೆ. 'ಸಿವಿಲೈಸೇಷನ್ 3'ರ ಆ ಬೆಲೆಪಟ್ಟಿ ಕೆಳಮುಖವಾಗಿಯೂ ಇದೆ. 'ವಾರ್‌ಲಾರ್ಡ್' ಹಂತದಲ್ಲಿ ಕಂಪ್ಯೂಟರ್ 12 ತೆರಬೇಕು, 'ಚೀಫ್‌ಟನ್'ನಲ್ಲಿ 20. ಅಂದರೆ ಕೆಳಗಿನ ಹಂತಗಳಲ್ಲಿ ಡೊಂಕು ನೆಲದ ಎತ್ತರದ ತುದಿಯಲ್ಲಿ ನಿಂತವರು ನಾವು. ನಾನೂ ಅಲ್ಲಿಂದಲೇ ಶುರು ಮಾಡಿದವನು. ಕಂಪ್ಯೂಟರಿಗೆ ಅನ್ಯಾಯವಾಗುತ್ತಿದೆ ಎಂದು ಆಗ ಒಮ್ಮೆಯೂ ಅನ್ನಿಸಲಿಲ್ಲ. 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನ ಮುಖ್ಯ ಭಾಷಣದಲ್ಲಿ ಸಿಡ್ ಮೈಯರ್ ಇದಕ್ಕೆ ತೀರಾ ಹತ್ತಿರದ ಸಂಗತಿಯೊಂದನ್ನು ಹೇಳಿದ್ದರು. ಬಲಾಬಲ ಮೂರಕ್ಕೆ ಒಂದು ಎಂದು ತೋರಿಸಿದ ಕಾಳಗದಲ್ಲಿ ಸೋತರೆ ಆಟಗಾರರು ಆಟವೇ ಕೆಟ್ಟಿದೆ ಎನ್ನುತ್ತಿದ್ದರು. ಗಣಿತದ ಪ್ರಕಾರ ನಾಲ್ಕರಲ್ಲಿ ಒಂದು ಬಾರಿ ಸೋಲಲೇಬೇಕು. ಅದೇ ಆಟಗಾರರು ಒಂದಕ್ಕೆ ಮೂರರ ಕಾಳಗದಲ್ಲಿ ಗೆದ್ದಾಗ ಮಾತ್ರ ಅದು ತಮ್ಮ ಜಾಣ್ಮೆ ಎಂದು ಒಪ್ಪಿಕೊಳ್ಳುತ್ತಿದ್ದರು. ಕಂಪ್ಯೂಟರ್ ಮೋಸ ಮಾಡುತ್ತದೆ ಎಂಬ ನಮ್ಮ ಅನುಭವದಲ್ಲಿ ಎಷ್ಟು ಪಾಲು ಈ ಓರೆ ತಕ್ಕಡಿಯದು ಎಂದು ಕೇಳಿಕೊಳ್ಳುವುದು ಒಳ್ಳೆಯದು. ನನ್ನ ಮಟ್ಟಿಗೆ ಅದು ದೊಡ್ಡ ಪಾಲು.

ಕಂಪ್ಯೂಟರಿನ ಮನಸ್ಸಿನ ಬಗ್ಗೆ ನಾವು ಕಟ್ಟಿಕೊಳ್ಳುವ ಕಥೆಗಳೂ ಹೀಗೆಯೇ ಬೆಳೆಯುತ್ತವೆ. 1991ರ ಮೊದಲ 'ಸಿವಿಲೈಸೇಷನ್'ನಲ್ಲಿ ಭಾರತದ ನಾಯಕರಾದ ಗಾಂಧೀಜಿಯ ಆಕ್ರಮಣಶೀಲತೆಯ ಅಂಕಿ ಲೆಕ್ಕದ ದೋಷದಿಂದ 255ಕ್ಕೆ ಜಿಗಿದು ಅವರು ಅಣುಬಾಂಬ್ ಎಸೆಯುತ್ತಿದ್ದರು ಎಂಬ ಕಥೆಯನ್ನು ನಾನೂ ವರ್ಷಗಟ್ಟಲೆ ನಂಬಿ ಬೇರೆಯವರಿಗೆ ಹೇಳಿದ್ದೆ. ಅಂಥ ದೋಷವೇ ಇರಲಿಲ್ಲ ಎಂದು ಮೈಯರ್ 2020ರ ತಮ್ಮ ಆತ್ಮಕಥನದಲ್ಲಿ ಬರೆದರು.

ಇರಲಿ, ಮುಖ್ಯ ವಾದಕ್ಕೆ ಬರೋಣ. ಏನೂ ಹೆಚ್ಚುವರಿ ಇಲ್ಲದೆ ಬುದ್ಧಿಯೊಂದರಿಂದಲೇ ಆಡುವ ಕಂಪ್ಯೂಟರ್ ಇದ್ದರೆ ಪೈಪೋಟಿ ಸಮವಾಗುತ್ತದೆಯೇ? ಯಂತ್ರದ ಕಣ್ಣು ಮತ್ತು ಕೈ ನಮ್ಮವಲ್ಲ. ಆಟದ ಇಡೀ ಜಗತ್ತು ಅದರ ನೆನಪಿನಲ್ಲೇ ಇರುತ್ತದೆ. ಕಾಣದ ನೆಲವನ್ನು ಕಾಣದಂತೆ ನಡೆದುಕೊಳ್ಳಲು ಅದಕ್ಕೆ ಬೇಕೆಂದೇ ಕಣ್ಣಿಗೆ ಬಟ್ಟೆ ಕಟ್ಟಬೇಕು. ಕೈಯ ವಿಷಯವೂ ಅಷ್ಟೇ. ಚಾರಿತ್ರಿಕ ಆಟವಲ್ಲದಿದ್ದರೂ 'ಸ್ಟಾರ್‌ಕ್ರಾಫ್ಟ್ 2' ಇಲ್ಲಿ ಒಳ್ಳೆಯ ಸಾಕ್ಷಿ. ಡೀಪ್‌ಮೈಂಡ್ ಸಂಸ್ಥೆ 2019ರ ಜನವರಿಯಲ್ಲಿ ತನ್ನ 'ಆಲ್ಫಾಸ್ಟಾರ್' ಎಐ ಆ ಆಟದ ವೃತ್ತಿಪರ ಆಟಗಾರರನ್ನು ಸೋಲಿಸಿದ್ದನ್ನು ಜಗತ್ತಿಗೆ ತೋರಿಸಿತು. ಅದಕ್ಕೆ ಒಂದು ಗುಲಗಂಜಿಯಷ್ಟೂ ಪುಕ್ಕಟೆ ಸಂಪತ್ತು ಸಿಕ್ಕಿರಲಿಲ್ಲ. ದೂರು ನಿಂತಿತೇ? ಕಾಳಗದ ಬಿಸಿಯಲ್ಲಿ ಅದರ ಕೈ ಮನುಷ್ಯರಿಗೆ ಸಾಧ್ಯವಾಗದ ವೇಗದಲ್ಲಿ, ನಿಖರವಾಗಿ ಓಡಿತು, ನಕ್ಷೆಯನ್ನು ಅದು ನಮ್ಮಂತೆ ಪರದೆ ಸರಿಸಿ ನೋಡಲಿಲ್ಲ ಎಂಬ ಆಕ್ಷೇಪ ಎದ್ದಿತು. ಆಕ್ಷೇಪ ಸರಿಯಾಗಿಯೇ ಇತ್ತು. ಮುಂದಿನ ಆವೃತ್ತಿಯಲ್ಲಿ ಕೈಗೆ ಮಿತಿ ಹಾಕಿ, ನೋಟವನ್ನು ಪರದೆಗೆ ಕಟ್ಟಿದರು. ಎಂದರೆ, ಅತಿ ಬುದ್ಧಿವಂತ ಯಂತ್ರದ ವಿಷಯದಲ್ಲೂ ಕೊನೆಗೆ ಮನುಷ್ಯರೇ ಕೂತು ಎಷ್ಟು ಕೊಡಬೇಕು, ಎಷ್ಟು ಕಸಿಯಬೇಕು ಎಂದು ಲೆಕ್ಕ ಹಾಕಬೇಕಾಯಿತು. ಹಳೆಯ ಆಟಗಳವರು ಮಾಡಿದ್ದೂ ಅದೇ ಲೆಕ್ಕ. 1997ರ ಮೊದಲ 'ಏಜ್ ಆಫ್ ಎಂಪೈರ್ಸ್' 90 ಮೆಗಾಹರ್ಟ್ಸ್ ಪೆಂಟಿಯಂ ಮತ್ತು 16 ಎಂಬಿ ಮೆಮೊರಿಯ ಯಂತ್ರದಲ್ಲಿ ಓಡಬೇಕಿತ್ತು. ಚಿತ್ರ ಬರೆಯುವುದು, ನೂರಾರು ಜನರಿಗೆ ದಾರಿ ಹುಡುಕುವುದು, ಎದುರಾಳಿಯ ಯೋಚನೆ, ಎಲ್ಲವೂ ಆ ಒಂದೇ ಪ್ರೊಸೆಸರಿನ ಮೇಲೆ. ಅದೇ ವರ್ಷ ಚದುರಂಗದ ವಿಶ್ವ ಚಾಂಪಿಯನ್ ಕ್ಯಾಸ್ಪರೊವ್ ಅವರನ್ನು ಸೋಲಿಸಿದ 'ಡೀಪ್ ಬ್ಲೂ' ಯಂತ್ರ ಸೆಕೆಂಡಿಗೆ 20 ಕೋಟಿ ಚದುರಂಗದ ಸ್ಥಿತಿಗಳನ್ನು ಅಳೆಯುತ್ತಿತ್ತು, ಅದೂ ಚಿತ್ರ ಬರೆಯುವ ಹೊರೆಯಿಲ್ಲದೆ.

ಬುದ್ಧಿಯನ್ನೇ ಅಳತೆಗೋಲು ಮಾಡುವವರಿಗೆ ಇನ್ನೊಂದು ತೊಡಕಿದೆ. ಈ ಆಟಗಳಲ್ಲಿ ಕಂಪ್ಯೂಟರಿನ ಅರ್ಧ ಬುದ್ಧಿ ಇರುವುದು ಆಟದ ನಿಯಮದಲ್ಲೇ. 'ಷೋಗನ್: ಟೋಟಲ್ ವಾರ್' (2000) ಮತ್ತು 'ಮೀಡೀವಲ್' (2002) ಆಟಗಳ ನಕ್ಷೆ ಪ್ರಾಂತ್ಯಗಳಾಗಿ ಹಂಚಿಹೋಗಿತ್ತು. ಸೈನ್ಯವನ್ನು ಒಂದು ಪ್ರಾಂತ್ಯದಿಂದ ಪಕ್ಕದ ಪ್ರಾಂತ್ಯಕ್ಕೆ ಎತ್ತಿಡುವುದಷ್ಟೇ ಕೆಲಸ. ಕಂಪ್ಯೂಟರ್ ಅಲ್ಲಿ ಗಡಿಯಲ್ಲಿ ದೊಡ್ಡ ಪಡೆ ಕೂಡಿಸಿ, ನಮ್ಮ ಬಲ ಕಡಿಮೆಯಾದ ಕಡೆ ನುಗ್ಗುತ್ತಿತ್ತು. 2004ರ 'ರೋಮ್'ನಲ್ಲಿ ನಕ್ಷೆ ಬಯಲಾಯಿತು. ಸೈನ್ಯ ಬೆಟ್ಟ, ಸೇತುವೆ, ಕಣಿವೆಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದಾಯಿತು. ಎಷ್ಟು ಚೆಂದದ ನಕ್ಷೆ ಅದು! ಆದರೆ ಕಂಪ್ಯೂಟರಿನ ಪಡೆಗಳು ಅಲ್ಲಿ ಚೂರುಚೂರಾಗಿ ಅಲೆದಾಡತೊಡಗಿದವು. ಆಟ ಬರೆದವರು ಎರಡು ವರ್ಷಗಳಲ್ಲಿ ದಡ್ಡರಾದರೇ? ಇಲ್ಲ, ಪ್ರಶ್ನೆ ಕಠಿಣವಾಯಿತು. ಇದೇ ಕಥೆ 2010ರಲ್ಲಿ ಮತ್ತೆ ನಡೆಯಿತು. 'ಸಿವಿಲೈಸೇಷನ್ 4'ರಲ್ಲಿ ಒಂದೇ ಚೌಕದಲ್ಲಿ ಎಷ್ಟು ಪಡೆಗಳನ್ನಾದರೂ ರಾಶಿ ಹಾಕಬಹುದಿತ್ತು, ಕಂಪ್ಯೂಟರ್ ಆ ರಾಶಿಯನ್ನು ನಮ್ಮ ಊರಿನ ಬಾಗಿಲಿಗೆ ತಂದು ನಿಲ್ಲಿಸಿದರೆ ಎದೆ ಝಲ್ ಎನ್ನುತ್ತಿತ್ತು. ಐದನೆಯ ಕಂತು ಷಟ್ಕೋನದ ಒಂದು ಮನೆಗೆ ಒಂದೇ ಪಡೆ ಎಂದಿತು. ಬಿಲ್ಲುಗಾರರನ್ನು ಹಿಂದೆ, ಈಟಿಯವರನ್ನು ಮುಂದೆ ಇಡುವ ಸಣ್ಣ ಜೋಡಣೆಯಲ್ಲೇ ಕಂಪ್ಯೂಟರ್ ಎಡವಿತು. ಅಲ್ಲಿಗೆ, ಎರಡು ಆಟಗಳ ಕಂಪ್ಯೂಟರ್‌ಗಳಲ್ಲಿ ಯಾವುದು ಜಾಣ ಎಂದು ತೂಗಲು ಹೊರಟವರು ಎಷ್ಟೋ ಬಾರಿ ತೂಗುತ್ತಿರುವುದು ನಕ್ಷೆಯನ್ನು.

ಹಂತಗಳ ಹೆಸರನ್ನು ಹಿಡಿದು ಹೋಲಿಸುವುದಂತೂ ಇನ್ನೂ ಜಾರು ದಾರಿ. 'ಸಿವಿಲೈಸೇಷನ್ 4'ಕ್ಕೆ ಒಂಬತ್ತು ಹಂತಗಳಿದ್ದವು. ನಾಲ್ಕನೆಯದಾದ 'ನೋಬಲ್'ನಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಸಮ. ಒಬ್ಬ ಆಟಗಾರರು ಹವ್ಯಾಸಕ್ಕೆಂದು ಬರೆದ 'ಬೆಟರ್ ಎಐ' ಎಂಬ ಮಾರ್ಪಾಡಿನ ಕೆಲಸ 2007ರ 'ಬಿಯಾಂಡ್ ದಿ ಸ್ವೋರ್ಡ್' ಕಂತಿನೊಳಗೇ ಸೇರಿಹೋಯಿತು. ಹೆಸರು ಅದೇ ನೋಬಲ್. ಆದರೆ ಆ ಕಂತಿನ ನೋಬಲ್‌ನಲ್ಲಿ ಕಂಪ್ಯೂಟರ್ ಊರು ಬೆಳೆಸುವುದನ್ನೂ ದಂಡೆತ್ತಿ ಬರುವುದನ್ನೂ ಕಲಿತಿತ್ತು. ಒಂದೇ ಆಟದ ಎರಡು ಕಂತುಗಳ ನಡುವೆಯೇ ಹೀಗಿದ್ದರೆ, 'ಏಜ್ ಆಫ್ ಕಿಂಗ್ಸ್'ನ 'ಹಾರ್ಡ್' ಮತ್ತು 'ರೋಮ್'ನ 'ಹಾರ್ಡ್' ಎರಡನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುವುದು ಹೇಗೆ?

ದೂರಿನಲ್ಲಿ ನನಗೆ ಪೂರ್ತಿ ಒಪ್ಪಿಗೆಯಾಗುವ ಭಾಗಗಳೂ ಇವೆ. 'ಸಿವಿಲೈಸೇಷನ್ 3'ರಲ್ಲಿ ಕಂಪ್ಯೂಟರಿಗೆ ಇಡೀ ನಕ್ಷೆ ಗೊತ್ತಿರುತ್ತಿತ್ತು. ನಮ್ಮ ಯಾವ ಊರಿನಲ್ಲಿ ಕಾವಲಿಲ್ಲ ಎಂಬುದನ್ನು ಬೇಹುಗಾರರಿಲ್ಲದೆಯೇ ಅರಿತು, ಸಮುದ್ರದಾಚೆಯಿಂದ ನೇರ ಅಲ್ಲಿಗೇ ಹಡಗು ಕಳಿಸುತ್ತಿತ್ತು. ಇದು ಬೆಲೆಪಟ್ಟಿಯ ರಿಯಾಯಿತಿಯಂಥದ್ದಲ್ಲ. ಯುದ್ಧದಲ್ಲಿ ಮರೆಮಾಚುವುದು ಒಂದು ಕಲೆ. ಇಲ್ಲಿ ಬೆಂಕಿ ಹಚ್ಚಿ ಅಲ್ಲಿ ನುಗ್ಗುವುದು, ಸೈನ್ಯ ಹಿಂತೆಗೆದಂತೆ ತೋರಿಸಿ ಕಾಡಿನಲ್ಲಿ ಅಡಗಿಸುವುದು. ಎಲ್ಲವನ್ನೂ ಕಾಣುವ ಎದುರಾಳಿಯ ಮುಂದೆ ಆ ಇಡೀ ಕಲೆ ಸತ್ತುಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಲೆ ಸತ್ತಿದೆ ಎಂದು ನಮಗೆ ಯಾರೂ ಹೇಳಿರುವುದಿಲ್ಲ.

'ರೋಮ್' ಆಟದ ಕಾಳಗದ ಹಂತಗಳ ಮೇಲೂ ನನ್ನದು ಇದೇ ತಕರಾರು. ಅಲ್ಲಿ ದಂಡಯಾತ್ರೆಗೆ ಒಂದು ಹಂತ, ಕಾಳಗಕ್ಕೆ ಇನ್ನೊಂದು ಹಂತ ಆರಿಸಬಹುದಿತ್ತು, ಅದು ಒಳ್ಳೆಯ ಯೋಚನೆ. ಆದರೆ ಕಾಳಗದ ಮೇಲಿನ ಹಂತಗಳಲ್ಲಿ ಕಂಪ್ಯೂಟರಿನ ಪಡೆಗಳ ಹೊಡೆತಕ್ಕೂ ಎದೆಗಾರಿಕೆಗೂ ಬಲ ಸೇರುತ್ತಿತ್ತು. ಪಡೆಯ ಚೀಟಿಯಲ್ಲಿ ಕಂಡ ಅಂಕಿ ಒಂದು, ರಣದಲ್ಲಿ ನಡೆಯುವುದು ಇನ್ನೊಂದು. ಕವಾಯತು ಕಲಿಯದ ರೈತರ ಪಡೆ ಪಳಗಿದ ಪದಾತಿಗಳೆದುರು ನಿಲ್ಲಬಾರದಷ್ಟು ಹೊತ್ತು ನಿಂತರೆ, ಚರಿತ್ರೆಯ ಆಟದೊಳಗಿನ ಚರಿತ್ರೆಯ ಲೆಕ್ಕವೇ ಕೆಡುತ್ತದೆ. ಖಜಾನೆಗೆ ಕೊಡಿ, ಖಡ್ಗಕ್ಕೆ ಕೊಡಬೇಡಿ ಎನ್ನುತ್ತೇನೆ ನಾನು. ಶತ್ರುವಿನ ಬಳಿ ಹತ್ತು ಪಡೆಗಳ ಬದಲು ಹದಿನೈದು ಇರಲಿ, ಆದರೆ ಪ್ರತಿ ಪಡೆಯೂ ತಾನು ಏನೋ ಅದೇ ಆಗಿರಲಿ. ಸಿರಿವಂತ ಶತ್ರುಗಳು ಚರಿತ್ರೆಯಲ್ಲಿ ತುಂಬ ಇದ್ದರು. 'ದಿ ಕಾಂಕರರ್ಸ್'ನಲ್ಲಿ ಅಜ್ಟೆಕ್ ಜನಾಂಗಕ್ಕೆ ಕುದುರೆ ಲಾಯವೇ ಇಲ್ಲ, ಎದುರಿಗೆ ಸ್ಪೇನಿನ ಅಶ್ವದಳ. ಆ ಅಸಮತೆಯನ್ನು ನಾವು ಚರಿತ್ರೆಯೆಂದು ಒಪ್ಪಿ ಆಡಿದ್ದೇವೆ.

ನನ್ನ ವಾದಕ್ಕೆ ಬೀಳುವ ಗಟ್ಟಿ ಏಟು ಬೇರೊಂದಿದೆ, ಅದನ್ನು ದಾಟಿ ಹೋಗುವುದು ಸರಿಯಲ್ಲ. ಖಜಾನೆಗೆ ಸೇರಿದ ಹಣವೂ ಆಟದ ದಾರಿಗಳನ್ನು ಮುಚ್ಚುತ್ತದೆ. 'ಸಿವಿಲೈಸೇಷನ್ 4'ರ 'ಡೀಟಿ'ಯಲ್ಲಿ ಕಂಪ್ಯೂಟರ್ ಒಂದರ ಬದಲು ಊರು ಕಟ್ಟುವ ಎರಡು ಸೆಟ್ಲರ್‌ಗಳೊಡನೆ ಆಟ ಶುರು ಮಾಡುತ್ತದೆ. ನಮ್ಮ ಮೊದಲ ಊರು ಕಣ್ಣು ಬಿಡುವಾಗ ಅದರದು ಎರಡು. ಆ ಹಂತದಲ್ಲಿ ಆದಿಕಾಲದ ಅದ್ಭುತಗಳನ್ನು ನಿಧಾನವಾಗಿ ಕಟ್ಟಿಕೊಂಡು ಕೂರುತ್ತೇನೆ ಎನ್ನುವವರಿಗೆ ಜಾಗವಿಲ್ಲ. ಬಹುಪಾಲು ಅದ್ಭುತಗಳು ಬೇರೆಯವರ ಪಾಲಾಗಿರುತ್ತವೆ. ವಿದ್ಯೆಗಳನ್ನು ಅದಲುಬದಲು ಮಾಡಬೇಕು, ನೆರೆಯವನನ್ನು ಬೇಗ ಮುಗಿಸಬೇಕು, ಇಲ್ಲವೇ ಇಬ್ಬರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಬೇಕು. ಹತ್ತು ಬಗೆಯಲ್ಲಿ ಆಡಬಹುದಾದ ಆಟ ಮೂರು ಬಗೆಗೆ ಕುಗ್ಗುತ್ತದೆ. 'ಏಜ್ ಆಫ್ ಕಿಂಗ್ಸ್'ನಲ್ಲಿಯೂ ಶತ್ರುವಿಗಾಗಿ ದುಡಿಯುವ ವಿಲೇಜರ್‌ಗಳನ್ನು ಕೊಂದು ಹೊಟ್ಟೆಗೆ ಹೊಡೆಯುವ ತಂತ್ರ, ಪುಕ್ಕಟೆ ಧಾನ್ಯ ಬರುವ ಶತ್ರುವಿನ ಮೇಲೆ ಅಷ್ಟು ನಾಟುವುದಿಲ್ಲ.

ಇದನ್ನು ಒಪ್ಪಿದ ಮೇಲೂ ನನ್ನ ನಿಲುವು ಉಳಿಯುತ್ತದೆ, ಸ್ವಲ್ಪ ಆಕಾರ ಬದಲಿಸಿಕೊಂಡು. ಹಣ ಕೊಡುವುದು ತಪ್ಪಲ್ಲ, ಯಾವಾಗ ಹೇಗೆ ಕೊಡುತ್ತೀರಿ ಎಂಬುದನ್ನು ತೂಗಬೇಕು. ಮೊದಲಲ್ಲೇ ರಾಶಿ ಸುರಿದರೆ ಮೊದಲ ಗಂಟೆ ಬೆವರಿಳಿಸುತ್ತದೆ. ಮನುಷ್ಯರು ದಿನ ಕಳೆದಂತೆ ಕೂಡಿಡುವುದರಲ್ಲಿ ಯಂತ್ರಕ್ಕಿಂತ ಜಾಣರು, ಆದ್ದರಿಂದ ಒಮ್ಮೆ ಹಿಂದೆ ಹಾಕಿದ ಮೇಲೆ ಉಳಿದ ಆರು ಗಂಟೆ ಬರೀ ಜಾಡಿಸುವ ಕೆಲಸ. ಉದ್ದಕ್ಕೂ ಸಣ್ಣ ರಿಯಾಯಿತಿ ಕೊಟ್ಟರೆ ಮೊದಲು ಉಸಿರಾಡಲು ಜಾಗ ಇರುತ್ತದೆ, ಕೊನೆಯವರೆಗೂ ಬಿಗಿ ಸಡಿಲಾಗುವುದಿಲ್ಲ. ಈ ದೃಷ್ಟಿಯಿಂದ ಹತ್ತರಲ್ಲಿ ಒಂದಂಶ ರಿಯಾಯಿತಿಯ 'ಸಿವಿಲೈಸೇಷನ್ 3'ರ 'ಮೊನಾರ್ಕ್', ಆ ಕಾಲದ ಹಂತಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು. ಅದರ ನಕ್ಷೆಯ ಕಣ್ಣನ್ನು ಮಾತ್ರ ಕ್ಷಮಿಸಲಾರೆ.

ಆ ಆಟದ ಎಐ ಬರೆದವರೂ ನಾಲ್ಕನೆಯ ಕಂತಿನ ಮುಖ್ಯ ವಿನ್ಯಾಸಕರೂ ಆದ ಸೋರೆನ್ ಜಾನ್ಸನ್, 2008ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ 'ಪ್ಲೇಯಿಂಗ್ ಟು ಲೂಸ್' ಎಂಬ ಉಪನ್ಯಾಸ ಕೊಟ್ಟರು, ಸೋಲಲೆಂದೇ ಆಡುವ ಕಂಪ್ಯೂಟರಿನ ಬಗ್ಗೆ. ಗೆಲ್ಲುವುದಕ್ಕೆ ಬರೆದ ಎಐ ಬೇರೆ, ಆಟಗಾರರಿಗೆ ಒಳ್ಳೆಯ ಆಟ ಕೊಡುವುದಕ್ಕೆ ಬರೆದ ಎಐ ಬೇರೆ ಎಂಬ ಭೇದವನ್ನು ಅವರು ಅಲ್ಲಿ ಬಿಡಿಸಿಟ್ಟರು. ನಾಲ್ಕನೆಯ ಕಂತಿನಲ್ಲಿ ಅವರ ತಂಡ ಮಾಡಿದ ಒಂದು ಕೆಲಸವನ್ನು ನಾನು ಬಹಳ ಮೆಚ್ಚುತ್ತೇನೆ. ಎದುರಾಳಿ ದೊರೆಯ ಹೆಸರಿನ ಮೇಲೆ ಮೌಸ್ ಇಟ್ಟರೆ ಅವನ ಮನಸ್ಸು ಪಟ್ಟಿಯಾಗಿ ತೆರೆಯುತ್ತದೆ. ನಮ್ಮಿಬ್ಬರ ಧರ್ಮ ಒಂದೇ ಎಂದು ಇಷ್ಟು ಕೂಡು, ಅವನ ಕಡುವೈರಿಯೊಡನೆ ವ್ಯಾಪಾರ ಮಾಡಿದ್ದಕ್ಕೆ ಇಷ್ಟು ಕಳೆ. ಹಂತಗಳ ರಿಯಾಯಿತಿಗಳೂ ಸಾದಾ ಎಕ್ಸ್‌ಎಂಎಲ್ ಕಡತದಲ್ಲಿ ಯಾರು ಬೇಕಾದರೂ ಓದುವಂತೆ ಇದ್ದವು. 'ಏಜ್ ಆಫ್ ಕಿಂಗ್ಸ್' ಕೂಡ ತನ್ನ ಎದುರಾಳಿಗೆ ಹೊಸ ತಂತ್ರ ಬರೆಯುವ ಕೈಪಿಡಿಯನ್ನು ಆಟಗಾರರ ಕೈಗೇ ಕೊಟ್ಟಿತ್ತು. ಸಂಪತ್ತು ಸೇರಿಸುವ ಆಜ್ಞೆಯೂ ಅಲ್ಲಿ ಹೆಸರು ಹಿಡಿದು ಇತ್ತು. ಬಚ್ಚಿಟ್ಟವರು ಹೀಗೆ ಬಾಗಿಲು ತೆರೆದಿಡುವುದಿಲ್ಲ.

ಹಾಗಾದರೆ ಹೋಲಿಸುವುದು ಹೇಗೆ? ನಾನು ಪ್ರತಿ ಆಟಕ್ಕೂ ಕೇಳುವುದು ಇದು: ನನ್ನ ಯಾವ ತಪ್ಪನ್ನು ಇದು ದಂಡಿಸುತ್ತದೆ, ಮತ್ತು ದಂಡಿಸಿದಾಗ ತಪ್ಪು ಯಾವುದೆಂದು ನನಗೆ ತಿಳಿಯುತ್ತದೆಯೇ? ಇಪ್ಪತ್ತು ವರ್ಷಗಳ ಹಿಂದೆ ಹಾಸ್ಟೆಲ್ಲಿನ ಕೋಣೆಯಲ್ಲಿ ಮೂವರು ಒಂದೇ ಕಂಪ್ಯೂಟರಿನ ಮುಂದೆ ಸರದಿಯಲ್ಲಿ ಕೂರುತ್ತಿದ್ದೆವು. 'ಏಜ್ ಆಫ್ ಕಿಂಗ್ಸ್'ನ 'ಹಾರ್ಡೆಸ್ಟ್' ನಮ್ಮನ್ನು ಸತತವಾಗಿ ಸೋಲಿಸಿತು. ಅದಕ್ಕೆ ಪುಕ್ಕಟೆ ಸಂಪತ್ತು ಸಿಗುತ್ತದೆ ಎಂದು ನಮ್ಮಲ್ಲೊಬ್ಬ ಎಲ್ಲಿಂದಲೋ ತಿಳಿದುಕೊಂಡು ಬಂದ ದಿನ ಮೂವರಿಗೂ ಒಂದು ಬಗೆಯ ನೆಮ್ಮದಿ ಆಯಿತು, ತಪ್ಪು ನಮ್ಮದಲ್ಲ ಎಂದು. ಆ ನೆಮ್ಮದಿಯೇ ನಮ್ಮನ್ನು ತಿಂಗಳುಗಟ್ಟಲೆ ಅಲ್ಲಿಯೇ ನಿಲ್ಲಿಸಿತು. ಆಮೇಲೆ ಒಂದು ರಾತ್ರಿ ನಾನು ಮುಗಿದ ಆಟದ ಅಂಕಿಗಳನ್ನು ಸುಮ್ಮನೆ ನೋಡುತ್ತ ಕೂತೆ. ಶತ್ರುವಿಗೆ ಸಿಕ್ಕಿದ್ದು ಬೇರೆ ಮಾತು, ವಿಲೇಜರ್‌ಗಳನ್ನು ಹುಟ್ಟಿಸುವ ನನ್ನ ಟೌನ್ ಸೆಂಟರ್ ಎಷ್ಟು ಹೊತ್ತು ಖಾಲಿ ಕೂತಿತ್ತು! ಒಬ್ಬ ವಿಲೇಜರ್‌ಗೆ ಬೇಕಾದದ್ದು 50 ಧಾನ್ಯ, 25 ಸೆಕೆಂಡು. ನಾನು ಕುದುರೆ ಸವಾರನನ್ನು ಕಾಡಿನಲ್ಲಿ ಸುತ್ತಿಸುತ್ತ ಖುಷಿಪಡುತ್ತಿದ್ದ ಪ್ರತಿ ಎರಡು ನಿಮಿಷಕ್ಕೆ ನಾಲ್ಕೈದು ಜೋಡಿ ಕೈಗಳು ಹುಟ್ಟದೆ ಉಳಿದಿದ್ದವು. ಅದನ್ನು ತಿದ್ದಿಕೊಂಡ ಮೇಲೆ, ಅದೇ ಪುಕ್ಕಟೆ ಸಂಪತ್ತಿನ ಶತ್ರುವಿನೊಡನೆ ಆಟ ಸರಿಸಮಕ್ಕೆ ಬಂತು. ಅದು ನನಗೆ ಕಲಿಸಿದ್ದನ್ನು ನನ್ನಷ್ಟೇ ಬಲದ, ನನ್ನಷ್ಟೇ ಸೋಮಾರಿಯಾದ ಎದುರಾಳಿ ಕಲಿಸುತ್ತಿರಲಿಲ್ಲ.

'ಡೆಫಿನಿಟಿವ್ ಎಡಿಷನ್'ನಲ್ಲಿ ಈಗಲೂ ಆಟ ಶುರುವಾಗುವ ಮೊದಲು ಎದುರಾಳಿಯ ಜಾಗದಲ್ಲಿ ಹೊಸ ಎಐ ಬದಲು ಹಳೆಯ ಸಿಡಿ ಕಾಲದ ಎಐಯನ್ನು ಆರಿಸಬಹುದು. ಹೊಸದರೊಡನೆ ಆಡುವುದು ನನಗೆ ಇಷ್ಟವೇ, ಅದರ ಕೆಲಸದ ಅಚ್ಚುಕಟ್ಟು ನೋಡುವಂಥದ್ದು. ಆದರೆ ಮೊನ್ನೆ ಹಳೆಯದನ್ನೇ ಆರಿಸಿದೆ, 'ಹಾರ್ಡೆಸ್ಟ್' ಹಂತದಲ್ಲಿ. ಟೌನ್ ಸೆಂಟರನ್ನು ಒಂದು ಗಳಿಗೆಯೂ ಖಾಲಿ ಬಿಡಲಿಲ್ಲ. ಉತ್ತರದ ಗೋಡೆಯಲ್ಲಿ ಒಂದು ಬಾಗಿಲಿನಷ್ಟು ಜಾಗ ಬಿಟ್ಟಿದ್ದೆ. ಶತ್ರುವಿನ ಮೊದಲ ಪಡೆ ಆ ಸಂದಿನಿಂದಲೇ ಒಳಗೆ ಬಂತು.